ಆಚೆಮನೆಯ ಅರಬ್ಬೀ ಮೊಸಳೆ

ಹೋದ ತಿಂಗಳು ಕುಮಟಾದಿಂದ ಊರಿಗೆ ಹೊರಟ ಬಸ್ಸಿನಲ್ಲಿ ಸೀಟುಗಳಿಗೆ ಹೊಸದಾಗಿ ಕಪ್ಪು ರೆಕ್ಸಿನ್ ಹಾಕಿಸಿದ್ದರು. ಮಧ್ಯಾಹ್ನದ ಬಸ್ಸು. ಸ್ಟ್ಯಾಂಡಿನ ಬಿಸಿಲಿನಲ್ಲಿ ನಿಂತು ನಿಂತು ಕಾದಿತ್ತು. ಹತ್ತಿ ಕುಳಿತ ತಕ್ಷಣ ಬಿಸಿ ರೆಕ್ಸಿನ್ನಿನ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಹಳದೀಪುರ ದಾಟುವವರೆಗೂ ಕಣ್ಣು ಮುಚ್ಚಿ ಕುಳಿತಿದ್ದೆ... ಹೊನ್ನಾವರದ ಬಳಿಯ ಕಾಸರಕೋಡಿನ ನಮ್ಮ ಆಚೆಮನೆಯ ಹಿತ್ತಲು, ಅಲ್ಲಿ ಬಟ್ಟೆ ಒಣಗಿಸುವ ತಂತಿ, ತಂತಿಯ ಮೇಲೆ ಒಳಮೈ ಹೊರಗಾಗಿ ತೂಗುತ್ತಿದ್ದ ಒಂದು ಕಪ್ಪು ರೆಕ್ಸಿನ್ ನಿಲುವಂಗಿ.

ಆ ನಿಲುವಂಗಿ ತೊಡುತ್ತಿದ್ದವರನ್ನು ನಾನು ಆಚೆಮನೆ ಮಾವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಎರಡು ಮನೆಗಳ ನಡುವೆ ಒಂದು ಬೇಲಿ, ಬೇಲಿಯಲ್ಲಿ ನಾನು ನುಸುಳುವಷ್ಟು ಒಂದು ಕಿಂಡಿ. ಅಪ್ಪ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಆಚೆಮನೆಯಲ್ಲಿ ಮಾವನ ತಾಯಿ ಒಬ್ಬರೇ ಇದ್ದರು, ಬುಟ್ಟಿ ಹೊತ್ತು ಹೊನ್ನಾವರ ಪೇಟೆಗೆ ಹೋಗಿ ಮೀನು ಮಾರುವವರು. ಮಗ ಕರೆದಂತೆಯೇ ನಾವೂ ಅವರನ್ನು ಆಯಿ ಎನ್ನುತ್ತಿದ್ದೆವು. ಮಗ ಮುಂಬೈಯಲ್ಲಿ ಎಂತ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಆಯಿ, “ಎಂತದೋ ಕುಸ್ತಿ ಕಂಪನಿ ಅಂಬ್ರು” ಎಂದು ಬುಟ್ಟಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು.

ಮಾವನ ಆ ಬದುಕಿನ ಕಥೆಯನ್ನು ನಾನು ಒಮ್ಮೆಗೇ ಕೇಳಿದ್ದಲ್ಲ, ವರ್ಷಗಳುದ್ದಕ್ಕೂ ಚೂರುಚೂರಾಗಿ ಕೇಳಿದ್ದು. ಮೀಸೆ ಮೂಡುವ ವಯಸ್ಸಿನಲ್ಲಿ ಅವರು ಮುಂಬೈಯ ಮೀನು ಇಳಿಸುವ ಧಕ್ಕೆಗೆ ಹೋದರು, ಐಸಿನ ಪೆಟ್ಟಿಗೆ ಹೊರಲಿಕ್ಕೆ. ಅಲ್ಲಿ ಅವರ ಹೆಗಲು ನೋಡಿದವನೊಬ್ಬ ಗರಡಿಗೆ ಕರೆದೊಯ್ದ. ಗರಡಿಯಿಂದ ಊರೂರು ತಿರುಗುವ ಕುಸ್ತಿ ಕಂಪನಿಗೆ. ಅದು ಮಣ್ಣಿನ ಕುಸ್ತಿಯಲ್ಲ, ಹಗ್ಗ ಕಟ್ಟಿದ ಅಟ್ಟದ ಮೇಲೆ ದೀಪ ಹಾಕಿ, ಮೈಕು ಹಿಡಿದು, ಟಿಕೆಟ್ಟು ಹರಿದು ಆಡುವ ಕುಸ್ತಿ. ಅಲ್ಲಿ ಒಬ್ಬ ನಾಯಕ, ಒಬ್ಬ ಖಳ. ಮಾವನ ಎಡಗಣ್ಣಿನ ಕೆಳಗೆ ಚಿಕ್ಕಂದಿನಲ್ಲಿ ಗಾಳದ ಕೊಕ್ಕೆ ಸಿಕ್ಕಿ ಆದ ಗಾಯದ ಕಲೆಯಿತ್ತು. ಕಂಪನಿಯ ಮಾಲೀಕ ಆ ಕಲೆ ನೋಡಿದವನೇ, ಈ ಮುಖ ಗೆಲ್ಲುವ ಮುಖ ಅಲ್ಲ, ಜನ ಬೈಯುವ ಮುಖ ಎಂದನಂತೆ. ಹಾಗೆ ಅವರು ಖಳರಾದರು. ಸೊಲ್ಲಾಪುರ, ನಾಗಪುರ, ಇಂದೋರ್, ಪಂಜಾಬಿನ ಜಾತ್ರೆಗಳು... ಎಲ್ಲಿ ಹೋದರೂ ಕೂದಲು ಎಳೆಯುವುದು, ಕಣ್ಣಿಗೆ ಪುಡಿ ಎರಚುವುದು, ಕೊನೆಗೆ ಸೋಲುವುದು. ಜನ ಉಗಿದಷ್ಟೂ ಕೆಲಸ ಚೆನ್ನಾಗಿ ಆದಂತೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಅವರು ಊರಿಗೆ ಮರಳಿದರು. ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಸಾಕು ಎಂದು ಡಾಕ್ಟರು ಹೇಳಿದ್ದರಂತೆ. ಆಯಿಯ ಅಣ್ಣನ ಮಗ ದೋಣಿಯ ತಾಂಡೇಲರಾಗಿದ್ದರು, ಅಂದರೆ ಸಮುದ್ರದ ಮೇಲೆ ದೋಣಿಯೂ ಆಳುಗಳೂ ಅವರ ಮಾತಿನಂತೆ ನಡೆಯಬೇಕು. ಬಂದ ಕೂಡಲೇ ದೋಣಿಯಲ್ಲಿ ಒಂದು ಜಾಗ ಕೊಡುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಅದಕ್ಕೆ ಮೊದಲು ಮಾವನದೊಂದೇ ಆಸೆ. ಕಂಪನಿಯಲ್ಲಿ ತಾನು ಆಡುವ ಕೊನೆಯ ಮೂರು ಆಟ ತನ್ನ ಕರಾವಳಿಯಲ್ಲಿ ಆಗಬೇಕು. ಭಟ್ಕಳದಲ್ಲಿ ಒಂದು, ಹೊನ್ನಾವರದಲ್ಲಿ ಒಂದು, ಕುಮಟಾದಲ್ಲಿ ಒಂದು. “ಇಷ್ಟ್ ವರ್ಷ ಎಂತ ಮಾಡ್ದೆ ಅಂತ ಊರವ್ರು ಒಂದ್ಸಲ ನೋಡ್ಲಿ. ಮತ್ತೆ ದೋಣಿ, ಸಮುದ್ರ, ಆಯಿ. ಆತು” ಎಂದು ಅವರು ನಮ್ಮ ಜಗಲಿಯಲ್ಲಿ ಕುಳಿತು ಅಪ್ಪನಿಗೆ ಹೇಳಿದ್ದು ನೆನಪಿದೆ.

ಪೋಸ್ಟರು ಬಂತು. ಅದರಲ್ಲಿ ಮಾವನ ಹೆಸರಿರಲಿಲ್ಲ, ‘ಅರಬ್ಬೀ ಮೊಸಳೆ’ ಎಂದಿತ್ತು. ಬಂದರಿನ ಗೋಡೆಯ ಮುಂದೆ ನಿಂತು ಗಂಡಸರು ಹೊಟ್ಟೆ ಹಿಡಿದು ನಕ್ಕರು.

“ಅರಬ್ಬೀ ಸಮುದ್ರದಾಗೆ ಮೊಸಳೆ ಎಲ್ಲಿಂದ ಬಂತಾ ಮಾರಾಯ? ನಮ್ ಬಲೆಗೆ ಒಂದಿನಾನೂ ಸಿಕ್ಕಲ್ಯಲ!”

“ಮುಂಬೈಯವ್ರಿಗೆ ಎಂತ ಗೊತ್ತು” ಎಂದು ಮಾವ ಅವರ ಜೊತೆ ತಾವೂ ನಕ್ಕರು.

ನಾಯಕನಾಗಿದ್ದವನು ಹರಿಯಾಣದ ಹುಡುಗ. ಇನ್ನೂ ಗಡ್ಡ ತುಂಬಿರಲಿಲ್ಲ. ನಾಯಕನಾಗಿ ಅದು ಅವನ ಮೊದಲ ತಿರುಗಾಟ. ನಾಯಕನೂ ಖಳನೂ ಒಟ್ಟಿಗಿರುವುದನ್ನು ಹೊರಗಿನ ಯಾರೂ ನೋಡಬಾರದು ಎನ್ನುವುದು ಆ ಕೆಲಸದ ಕಟ್ಟುನಿಟ್ಟು. ಆದರೆ ಲಾಡ್ಜಿನ ಊಟ ಹಿಡಿಸದೆ ಹುಡುಗ ಹೊಟ್ಟೆ ಕೆಡಿಸಿಕೊಂಡಿದ್ದ. ಮಾವ ಅವನನ್ನು ಸಮುದ್ರದ ಬದಿಯ ಗಾಳಿಮರದ ತೋಪಿನಿಂದ ಸುತ್ತಿಸಿ ಹಿತ್ತಲ ಬಾಗಿಲಿಗೆ ಕರೆತಂದರು. ಆ ಸಂಗತಿ ಗೊತ್ತಿದ್ದದ್ದು ಕಿಂಡಿಯ ಈಚೆಯ ನಮ್ಮ ಮನೆಗೆ ಮಾತ್ರ. ಆಯಿ ಬಂಗಡೆ ಸಾರು ಮಾಡಿ ಕಾಯುತ್ತಿದ್ದರು. ಹುಡುಗ ಕೈ ಮುಗಿದು, ತಾನು ಮೀನು ತಿನ್ನುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ.

“ಮೀನು ತಿನ್ನದೆ ಈ ಮೈ ಹ್ಯಾಂಗ್ ಬಂತಾ ಇವಂಗೆ?” ಎಂದು ಆಯಿ ಅವನ ತೋಳು ಮುಟ್ಟಿ ನೋಡಿದರು. ಆಮೇಲೆ ಅಮ್ಮನ ಹತ್ತಿರ ಬಂದು ಮೊಸರು ಇಸಿದುಕೊಂಡು ಹೋದರು.

ಹಿತ್ತಲ ಮರಳಿನಲ್ಲಿ ಅವರಿಬ್ಬರೂ ಅಭ್ಯಾಸ ಮಾಡುವುದನ್ನು ನಾನು ಕಿಂಡಿಯಲ್ಲಿ ಕುಳಿತು ನೋಡುತ್ತಿದ್ದೆ. ಮಾವ ಹುಡುಗನನ್ನು ಎತ್ತಿ ಒಗೆಯುವಾಗ ಅವರ ಅಂಗೈ ಅವನ ತಲೆಯ ಹಿಂದೆ ಇರುತ್ತಿತ್ತು, ಎಳೆಮಗುವನ್ನು ತೊಟ್ಟಿಲಿಗೆ ಇಳಿಸುವಾಗ ಇರುತ್ತದಲ್ಲ ಹಾಗೆ. ನೋಯುವುದಿಲ್ಲವೇ ಎಂದು ನಾನು ಕೇಳಿದೆ. “ನೋಯ್ತದೆ ತಂಗೀ. ಆದ್ರೆ ಅವನ ಕುತ್ತಿಗೆ ನನ್ನ ಕೈಲಿ, ನನ್ನ ಕುತ್ತಿಗೆ ಅವನ ಕೈಲಿ. ಅಷ್ಟೇಯ” ಎಂದರು. ಇದನ್ನು ಶಾಲೆಯಲ್ಲಿ ಹೇಳಬಾರದು ಎಂದೂ ಹೇಳಿದರು. ನಾನು ಹೇಳಲಿಲ್ಲ. ಹೇಳದೆ ಇರುವುದು ನನಗೆ ಆಗಲೂ ಕಷ್ಟವಾಗಿರಲಿಲ್ಲ.

ಭಟ್ಕಳದ ಆಟ ಚೆನ್ನಾಗಿ ಆಯಿತು. ಅಲ್ಲಿ ಅವರನ್ನು ಬಲ್ಲವರಿರಲಿಲ್ಲ. ಮಾರನೆಯ ದಿನ ಮಾವ ನಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತ ಮದುವೆ ಮನೆಯಿಂದ ಬಂದವರಂತೆ ಮಾತಾಡುತ್ತಿದ್ದರು. ಒಬ್ಬರು ಅಜ್ಜ ಕುರ್ಚಿ ಬಿಟ್ಟೆದ್ದು ಉರ್ದುವಿನಲ್ಲಿ ಬೈದರಂತೆ. “ಎಂಥಾ ಬೈಗುಳ ಮಾರಾಯ, ಗಜಲಿನಾಂಗೆ! ಮತ್ತೊಬ್ಬ ನವಾಯತಿಲಿ ಬೈದ, ಅದು ಅರ್ಧ ಕೊಂಕಣಿ ಆದದ್ಕೆ ನಂಗೆ ಪೂರಾ ತಿಳೀತು. ಚಪ್ಲಿನೂ ಬಂತು, ಹೊಸಾದು.” ಆ ಚಪ್ಪಲಿಯ ಜೋಡಿ ಸಿಕ್ಕಿದ್ದರೆ ಇಟ್ಟುಕೊಳ್ಳಬಹುದಿತ್ತು ಎಂದು ಅಪ್ಪ ನಕ್ಕರು.

ಮರುದಿನ ಹೊನ್ನಾವರ.

ಕಾಸರಕೋಡಿಗೆ ಕಾಸರಕೋಡೇ ಅಂದು ಹೊನ್ನಾವರದ ಮೈದಾನದಲ್ಲಿತ್ತು. ಕೆಲವರು ಟೆಂಪೋದಲ್ಲಿ ಶರಾವತಿ ಸೇತುವೆ ದಾಟಿ ಬಂದರು, ಕೆಲವರು ಅಳಿವೆಯಲ್ಲಿ ದೋಣಿ ಹಾಯಿಸಿಕೊಂಡೇ ಬಂದರು. ಆಯಿ ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಹೊತ್ತು ಮುಳುಗುವ ಮೊದಲೇ ದೀಪ ಹಚ್ಚಿದರು. ರೆಕ್ಸಿನ್ ನಿಲುವಂಗಿ ತೊಟ್ಟು ಮಾವ ಅಟ್ಟ ಹತ್ತಿದಾಗ ಮೈದಾನ ಎದ್ದು ನಿಂತಿತು. ಸಿಳ್ಳೆ, ಪಟಾಕಿ, ಡಬ್ಬ ಬಡಿಯುವ ಸದ್ದು. ತಾಂಡೇಲರ ದೋಣಿಯ ಹುಡುಗರು ಹಗ್ಗದೊಳಗೆ ನುಗ್ಗಿ ಅವರಿಗೆ ಶಾಲಿನಂತೆ ಬಲೆ ಹೊದೆಸಿದರು. ದೋಣಿಗೆಂದು ಆಗಷ್ಟೇ ಹೆಣೆದು ಮುಗಿಸಿದ ಹೊಸ ಬಲೆಯ ಒಂದು ಮಗ್ಗುಲು, ಅಂಚಿಗೆ ಕುಂಕುಮ ಹಚ್ಚಿದ್ದು. ಮಾವ ತಲೆ ಬಾಗಿಸಿದರು. ಖಳನೊಬ್ಬ ಹಾಗೆ ತಲೆ ಬಾಗಿಸಬಾರದಿತ್ತು ಎಂದು ಈಗ ಅನಿಸುತ್ತದೆ. ಆದರೆ ಅದು ಅವರ ಊರು...

ನಾಯಕ ಬಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. “ಯಾರಾ ಅವ? ಹಾಲು ಕುಡಿಯೂ ಮಗು!” ಎಂದು ಹಿಂದಿನಿಂದ ಯಾರೋ ಕೂಗಿದರು. ಆಟ ಶುರುವಾಯಿತು. ಮಾವ ಹುಡುಗನ ಕೂದಲು ಎಳೆದರು, ಜನ ಕುಣಿದರು. ಬೆನ್ನ ಹಿಂದಿನಿಂದ ಒದ್ದರು, ಜನ ಹೋ ಎಂದು ನಕ್ಕರು. ಕಣ್ಣಿಗೆ ಪುಡಿ ಎರಚಿದರು. “ಇನ್ನೊಂದ್ ಮುಷ್ಟಿ ಹಾಕಾ!” ಎಂದು ಹೆಂಗಸರೂ ಕೂಗಿದರು. ಊರೂರಲ್ಲಿ ಜನರನ್ನು ಕೆರಳಿಸಿದ ಯಾವ ಕೆಟ್ಟತನವೂ ಇಲ್ಲಿ ಕೆಟ್ಟತನವಾಗಲಿಲ್ಲ. ತಮ್ಮವನು ಮಾಡಿದ್ದು ಜನಕ್ಕೆ ಆಟವಾಗಿ ಕಂಡಿತು, ಹೊರಗಿನವನು ಮಾಡಿದ್ದು ಮಾತ್ರ ಅನ್ಯಾಯವಾಗಿ ಕಂಡಿತು. ಹುಡುಗ ತಿರುಗಿ ಮಾವನಿಗೆ ಒಂದು ಏಟು ಕೊಟ್ಟದ್ದೇ ತಡ, ಒಂದು ಸೋಡಾ ಬಾಟಲಿ ಹಾರಿ ಬಂದು ಅವನ ಹಣೆಗೆ ಬಡಿಯಿತು. ನಿಜವಾದ ರಕ್ತ. ದೋಣಿಯ ಹುಡುಗರು ಕುರ್ಚಿ ಎತ್ತಿಕೊಂಡು ಅಟ್ಟದ ಕಡೆಗೆ ನುಗ್ಗಿದರು. ಹರಿಯಾಣದ ಹುಡುಗ ಮಾವನ ಮುಖವನ್ನೇ ನೋಡುತ್ತ ನಿಂತಿದ್ದ.

ಮಾವ ಒಂದು ಕ್ಷಣ ಜನರತ್ತ ನೋಡಿದರು. ಆಮೇಲೆ ಮೂಲೆಯ ಕಂಬದ ಮೇಲೆ ಮಡಚಿ ಇಟ್ಟಿದ್ದ ಬಲೆಯನ್ನು ತೆಗೆದುಕೊಂಡು ಬಂದರು. ನಡುಮಧ್ಯದಲ್ಲಿ ಅದನ್ನು ಕೆಳಕ್ಕೆ ಒಗೆದರು. ನಿಧಾನವಾಗಿ, ಎಲ್ಲರಿಗೂ ಕಾಣುವಂತೆ, ಬೂಟುಗಾಲಿನಲ್ಲಿ ಅದರ ಮೇಲೆ ಹತ್ತಿ ನಿಂತರು.

ನಮ್ಮಲ್ಲಿ ಬಲೆಯನ್ನು ಯಾರೂ ದಾಟುವುದಿಲ್ಲ. ದಂಡೆಯಲ್ಲಿ ಹರಡಿದ್ದರೆ ಮಕ್ಕಳೂ ಸುತ್ತು ಹಾಕಿ ಹೋಗುತ್ತವೆ. ಬಲೆ ಹೆಣೆಯುವ ಚಪ್ಪರಕ್ಕೆ ಚಪ್ಪಲಿ ಕಳಚಿಟ್ಟೇ ಹೋಗುವುದು. ಅದನ್ನು ಯಾರೂ ಕಲಿಸಿಕೊಡುವುದೂ ಇಲ್ಲ, ಅನ್ನದ ಬಟ್ಟಲನ್ನು ಕಾಲಿನಿಂದ ಸರಿಸಬಾರದು ಎಂದು ಕಲಿಸಬೇಕಾಗುವುದಿಲ್ಲವಲ್ಲ, ಹಾಗೆ.

ಕುರ್ಚಿ ಎತ್ತಿದ ಕೈಗಳು ಹಾಗೆಯೇ ನಿಂತವು. ಮಾವ ಸೊಂಟಕ್ಕೆ ಕೈ ಕೊಟ್ಟು, ಬೂಟನ್ನು ಬಲೆಯ ಮೇಲೆ ಒಮ್ಮೆ ತಿರುವಿ, ನಕ್ಕರು. ಆಗ ಬಂತು ನೋಡಿ ಬೈಗುಳ. ಅದು ಭಟ್ಕಳದ ಬೈಗುಳದಂತೆ ಆಟದ್ದಲ್ಲ. ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿ ಬೈದರು. “ಹೊಡೀ ಅವಂಗೆ! ಬಿಡಬ್ಯಾಡ!” ಎಂದು ಅದೇ ದೋಣಿಯ ಹುಡುಗರು ಹರಿಯಾಣದ ಹುಡುಗನಿಗೆ ಕೂಗಿ ಹೇಳಿದರು. ಹುಡುಗ ಮಾವನನ್ನು ತಲೆಯ ಮೇಲೆತ್ತಿ ಒಗೆದ. ಮಾವ ಬಿದ್ದರು, ಸೋತರು. ಜನ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿಸಿದರು. ಮಾವ ಒಬ್ಬರೇ ಇಳಿದು ನಡೆದರು. ಅವರ ಮೇಲೆ ಉಗುಳು ಬಿತ್ತು. ಆಯಿ ಕದಲಲಿಲ್ಲ. ಜನವೆಲ್ಲ ಕರಗಿದ ಮೇಲೆ ಅಟ್ಟದ ಹತ್ತಿರ ಹೋಗಿ, ಬಲೆಯನ್ನು ಎತ್ತಿ, ಮಣ್ಣು ಕೊಡವಿ ತಾಂಡೇಲರ ಕೈಗೆ ಕೊಟ್ಟರು.

ಕುಮಟಾದ ಆಟಕ್ಕೆ ನಮ್ಮೂರಿನವರು ಯಾರೂ ಹೋಗಲಿಲ್ಲ. ಅದು ಮುಗಿದು ಕಂಪನಿ ಹೊರಟುಹೋಯಿತು. ಮಾವ ಚೀಲ ಹೊತ್ತು ಮನೆಗೆ ಬಂದರು. ಆ ವಾರ ದೋಣಿಗೆ ಮೀನು ಕಡಿಮೆ ಬಿತ್ತು. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತಾಂಡೇಲರು ಒಂದು ಸಂಜೆ ಆಚೆಮನೆಯ ಜಗಲಿಗೆ ಬಂದರು. ಅಪ್ಪನನ್ನೂ ಕರೆದರು, ನಾನು ಹಿಂದೆಯೇ ಹೋದೆ. ತಾಂಡೇಲರಿಗೂ ಸಂಕಟವಿತ್ತು. ಮಾತು ತಪ್ಪುವ ಮನುಷ್ಯ ಅಲ್ಲ ಅವರು. ಆದರೆ ಮಾವ ಹತ್ತಿದರೆ ತಾವು ಇಳಿಯುತ್ತೇವೆ ಎಂದು ದೋಣಿಯ ಆಳುಗಳು ಹೇಳಿದ್ದರು. ಅಪ್ಪ ಮೆಲ್ಲಗೆ, “ಯಕ್ಷಗಾನದಾಗೆ ರಾಕ್ಷಸನ ಬಣ್ಣದ ವೇಷದವ ಎಂತೆಲ್ಲ ಮಾಡ್ತ. ಚೌಕಿಗೆ ಬಂದು ಬಣ್ಣ ಒರೆಸ್ಕಂಡ ಮೇಲೆ ಅವ ನಮ್ಮವನೇ ಅಲ್ವನಾ?” ಎಂದರು.

“ಅವನ ಖಡ್ಗ ಮರದ್ದು” ಎಂದರು ತಾಂಡೇಲರು. “ಬಲೆ ಖರೇದು.”

ತಾಂಡೇಲರೇ ದಾರಿಯನ್ನೂ ಹೇಳಿದರು. ಇಡಗುಂಜಿಗೆ ಹೋಗಿ ಗಣಪತಿಯ ಮುಂದೆ ತಪ್ಪುಕಾಣಿಕೆ ಇಟ್ಟು ಬರಲಿ. ಆಳುಗಳೂ ಜೊತೆಗೆ ಬರುತ್ತಾರೆ. ದೇವರ ಮುಂದೆ ತಪ್ಪಾಯಿತು ಎಂದವನನ್ನು ಮತ್ತೆ ಯಾರೂ ಕೇಳುವಂತಿಲ್ಲ. ಎಷ್ಟು ಸುಲಭ.

ಮಾವ, “ತಪ್ಪು ಮಾಡಿದ್ರೆ ಇಡ್ತಿದ್ದೆ. ಅದು ನನ್ನ ಕೆಲಸ ಆಗಿತ್ತು” ಎಂದರು.

ತಾಂಡೇಲರು ಎದ್ದು ಹೋದರು. ಅವರು ಹೋದ ಮೇಲೆ ಅಪ್ಪನಿಗೆ ಸಿಟ್ಟು ಬಂತು. ಆ ಹುಡುಗ ನಿಮ್ಮ ಮನೆಯಲ್ಲಿ ಮೊಸರನ್ನ ಉಂಡದ್ದನ್ನು ಹೇಳಿಬಿಡು, ಅವನನ್ನು ಉಳಿಸಲಿಕ್ಕೆ ಹಾಗೆ ಮಾಡಿದೆ ಎಂದು ಹೇಳಿಬಿಡು, ನಾನು ಸಾಕ್ಷಿ ಎಂದರು. ಮಾವ ತಲೆ ಅಲ್ಲಾಡಿಸಲಿಕ್ಕೆ ಹೋಗಿ ಕುತ್ತಿಗೆ ನೋವಿಗೆ ಮುಖ ಕಿವುಚಿದರು. “ಹೇಳಿಬಿಟ್ರೆ ಆ ಹುಡುಗ ಗೆದ್ದದ್ದು ಎಂತಕ್ಕಾತು? ಜನ ಹೆಗಲ ಮೇಲೆ ಹೊತ್ತದ್ದು ಅವಂಗೆ ಅದೇ ಮೊದಲ್ನೇದು.”

ಆಮೇಲಿನ ದಿನಗಳು ಆಚೆಮನೆಗೆ ಕಷ್ಟದ ದಿನಗಳು. ಬಂದರಿಗೆ ಮಾವ ಬಂದರೆ ಗಂಡಸರು ಬಲೆಯನ್ನು ಎಳೆದು ಬದಿಗಿಡುತ್ತಿದ್ದರು. ಅಪ್ಪ ಅವರನ್ನು ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋದರು. ಮುಂಬೈಗೆ ಹೋದ ಮೊದಲ ದಿನ ಹೊತ್ತ ಐಸನ್ನೇ ಅವರು ಇಲ್ಲಿ ಮತ್ತೆ ಹೊತ್ತರು. ಪೇಟೆಯಲ್ಲಿ ಆಯಿಯ ಬುಟ್ಟಿಯ ಪಕ್ಕ ಕೂರುತ್ತಿದ್ದ ಹೆಂಗಸರು ಜಾಗ ಬದಲಿಸಿದ್ದರು. ಒಂದು ದಿನ ಆಯಿ ಮಾರಾಟವಾಗದ ಮೀನನ್ನು ಬುಟ್ಟಿಯಲ್ಲಿಯೇ ಹೊತ್ತು ಮರಳಿದರು. ಮಾವ ಬಾಗಿಲಲ್ಲಿ ನಿಂತು ಆ ಬುಟ್ಟಿ ಇಳಿಸಿಕೊಂಡರು. ಒಳಗಿನ ಮೀನು ನೋಡಿದರು. ಅಷ್ಟೇ. ಮಾರನೆಯ ದಿನ ತಾಂಡೇಲರ ಮನೆಗೆ ಹೋಗಿ, ಇಡಗುಂಜಿಗೆ ಬರುತ್ತೇನೆ ಎಂದು ಹೇಳಿ ಬಂದರು.

ತಾಂಡೇಲರ ಟೆಂಪೋದಲ್ಲಿ ಹೋದೆವು. ಆಯಿ, ಮಾವ, ದೋಣಿಯ ಆಳುಗಳು, ಅಪ್ಪ, ನಾನು. ದೇವಸ್ಥಾನದಲ್ಲಿ ಮಾವ ಅಂಗಿ ಕಳಚಿ, ಕಾಣಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ತುಟಿ ಅಲ್ಲಾಡುತ್ತಿತ್ತು. ಹಿಂದೆ ನಿಂತ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಕಣ್ಣೊರೆಸಿಕೊಂಡ. ಹೊರಗೆ ಬಂದ ಕೂಡಲೇ ತಾಂಡೇಲರು ಮಾವನ ಹೆಗಲ ಮೇಲೆ ಕೈ ಹಾಕಿ, “ನಾಳೆ ಬೆಳಿಗ್ಗೆ ಬಾ” ಎಂದರು.

ಮರಳುವಾಗ ಗಂಡಸರೆಲ್ಲ ಟೆಂಪೋದ ಹಿಂದುಗಡೆ ನಿಂತು ಜೋರಾಗಿ ಮಾತಾಡುತ್ತಿದ್ದರು. ಮುಂದಿನ ಸೀಟಿನಲ್ಲಿ ಆಯಿ, ಮಾವ, ಮಾವನ ತೊಡೆಗೆ ಒರಗಿ ನಾನು. ಆಯಿ ಮಗನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ದೇವರ ಹತ್ತಿರ ಎಂತ ಹೇಳಿದ್ರಿ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಮಾವ ನನ್ನ ಕಿವಿಯ ಹತ್ತಿರ ಬಾಗಿದರು.

“ಬಲೆ ಸುದ್ದಿ ಎತ್ತಲೇ ಇಲ್ಲ ತಂಗೀ. ಆಯಿನ್ನ ಒಬ್ಬಳನ್ನೇ ಬಿಟ್ಟು ಇಷ್ಟು ವರ್ಷ ಹೋಗಿದ್ನಲ, ಅದ್ಕೆ ಇಟ್ಟೆ. ಅದು ಖರೇ ತಪ್ಪು.”

ಆಯಿ ನಿದ್ದೆಯಲ್ಲಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಬೆರಳುಗಳು ಮಾವನ ತೋಳನ್ನು ಹಿಡಿದುಕೊಂಡದ್ದನ್ನು ಮಾತ್ರ ನೋಡಿದೆ... ಕಣ್ಣು ತೆರೆಯಲಿಲ್ಲ.

ಮಾವ ಆ ದೋಣಿಯಲ್ಲಿ ವರ್ಷಗಟ್ಟಲೆ ದುಡಿದರು. ಕುತ್ತಿಗೆಯ ನೋವು ಕೈಗಿಳಿದು ಬೆರಳು ಜೋಮು ಹಿಡಿಯತೊಡಗಿದ ಮೇಲೆ ದಂಡೆಗೆ ಬಂದು ಬಲೆಯ ಚಪ್ಪರದಲ್ಲಿ ಕುಳಿತರು. ನಾನು ಓದಲಿಕ್ಕೆ ಧಾರವಾಡಕ್ಕೆ ಹೋದೆ, ಆಮೇಲೆ ಕುಮಟಾದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆ ನಡುವೆ ಆಯಿ ಹೋದರು. ಹೋದ ಮಳೆಗಾಲ ಮಾವನೂ ಹೋದರು. ನದಿಗೆ ನೆರೆ ಬಂದಿತ್ತು, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಯಾರ ಮುಂದೆಯೂ ಅಳಲಿಕ್ಕೆ ಬರುವುದಿಲ್ಲ. ಅಂದೂ ಬರಲಿಲ್ಲ.

ಹೋದ ತಿಂಗಳು ಬಸ್ಸಿಳಿದ ಸಂಜೆ ಬಂದರಿನ ಕಡೆ ಹೋದಾಗ ತಾಂಡೇಲರು ಸಿಕ್ಕರು. ಈಗ ಅವರೂ ಸಮುದ್ರಕ್ಕೆ ಹೋಗುವುದಿಲ್ಲ. ಕೂರು ಎಂದರು, ಕುಳಿತೆ. ಮಾತು ಮಾವನ ಕಡೆ ತಿರುಗಿತು.

“ಅಂಥವ ಮತ್ತೊಬ್ಬ ಹುಟ್ಟೂದಿಲ್ಲ ತಂಗೀ. ಎಲ್ಲರ ಎದುರಿಗೆ ತಪ್ಪಾತು ಅಂದ ಗಂಡ್ಸು ಅವ. ನನ್ನ ಮೊಮ್ಮಕ್ಕಳಿಗೂ ಅದೇ ಹೇಳ್ತೆ, ತಪ್ಪು ಒಪ್ಪೂದಾದ್ರೆ ಅವನಾಂಗೆ ಒಪ್ಪಿ ಅಂತ.”

ಸುಳ್ಳು ಲೆಕ್ಕ ಕಂಡರೆ ತಿದ್ದದೆ ಇರಲಾರದ ಸ್ವಭಾವ ನನ್ನದು. ಕಾಲೇಜಿನಲ್ಲಿ ಅದಕ್ಕೆ ಹೆಸರಾಗಿದ್ದೇನೆ. ಮಾತು ತುದಿನಾಲಿಗೆಗೆ ಬಂದಿತ್ತು. ಆದರೆ ಮುದುಕರ ಒದ್ದೆ ಕಣ್ಣು ನೋಡಿ, “ಹೌದು” ಎಂದೆ. ಅಷ್ಟೇ ಹೇಳಿ ಎದ್ದು ಬಂದೆ.

ಈಗ ಇದನ್ನು ಬರೆಯಬಹುದೇ ಎಂದು ಬಹಳ ಯೋಚಿಸಿದೆ. ಹರಿಯಾಣದ ಹುಡುಗನಿಗೆ ಈಗ ಆ ಗೆಲುವಿನ ಹಂಗೂ ಇರಲಾರದು. ತಾಂಡೇಲರು ಓದುವವರಲ್ಲ. ಮೊಮ್ಮಗಳು ಓದಿ ಹೇಳಿದರೆ ಹೇಳಲಿ, ಬೇಕಾದರೆ ನನ್ನನ್ನು ಬೈಯಲಿ. ಊರು ಮಾವನನ್ನು ಅವರು ಮಾಡದ ಒಂದು ಕೆಲಸಕ್ಕಾಗಿ ಇಷ್ಟು ವರ್ಷ ಪ್ರೀತಿಸಿತು. ಮಾಡಿದ ಕೆಲಸಕ್ಕಾಗಿ ಒಬ್ಬರಾದರೂ ಪ್ರೀತಿಸಿದ್ದರು ಎಂದು ಅವರಿಗೆ ಗೊತ್ತಾಗಬೇಕಿತ್ತು. ನಾನು ಯಾವತ್ತೂ ಹೇಳಲಿಲ್ಲ, ಹೇಳದೆಯೂ ಗೊತ್ತಿರುತ್ತದೆ ಎಂದುಕೊಂಡಿದ್ದೆ... ಇನ್ನು ಹೇಳಲಿಕ್ಕೆ ಅವರಿಲ್ಲ.